ನೇತ್ರಾವತಿ ಸೀಮೆಯ ಮಳೆಯೂ ರಾಷ್ಟ್ರಗಳ ಒಪ್ಪಂದಗಳೂ

2019ನೆಯ ಇಸವಿಯ ಮೇ ತಿಂಗಳಲ್ಲಿ ಬಂಟವಾಳ ತಾಲೂಕಿನ ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನೀರು ಬಹಳವಾಗಿ ತಗ್ಗಿ, ಮಂಗಳೂರು ನಗರಕ್ಕೆ ಸರದಿಯ ಮೇಲೆ ನೀರನ್ನು ಒದಗಿಸಬೇಕಾಗಿ ಬಂದಿತು. ಅದೇ ವರ್ಷದ ಆಗಸ್ಟ್ ತಿಂಗಳ ಎರಡನೆಯ ವಾರದಲ್ಲಿ, ಎಂದರೆ ಆಟಿ ತಿಂಗಳ ಆಶ್ಲೇಷಾ ಮಳೆಯ ಕಾಲಕ್ಕೆ, ಅದೇ ನೇತ್ರಾವತಿಯು ದಡ ಮೀರಿ ಬಂಟವಾಳ, ಪಾಣೆಮಂಗಳೂರುಗಳ ತಗ್ಗಿನ ನೆಲಗಳನ್ನು ತುಂಬಿತು. ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ, ದಿಡುಪೆ ಮೊದಲಾದ ಕಡೆಗಳಲ್ಲಿ ಘಟ್ಟದ ಇಳಿಜಾರುಗಳು ಕುಸಿದು, ಹೊಳೆಗಳು ಮರದ ದಿಮ್ಮಿಗಳನ್ನೂ ಮರಳನ್ನೂ ಕಲ್ಲುಗಳನ್ನೂ ಹೊತ್ತು ತಂದು ಫಲ ಬಿಡುತ್ತಿದ್ದ ಅಡಿಕೆ ತೋಟಗಳ ಮೇಲೆ ಹರಡಿದುವು. ಚಾರ್ಮಾಡಿ ಘಾಟಿಯ ದಾರಿಯು ಬಹುದಿನಗಳವರೆಗೆ ಮುಚ್ಚಿತ್ತು. ನೀರಿಲ್ಲವೆಂದು ಮರುಗಿದ ಕಾಲಕ್ಕೂ ನೀರು ಮಿತಿಮೀರಿತೆಂದು ಮರುಗಿದ ಕಾಲಕ್ಕೂ ನಡುವೆ ಇದ್ದುದು ಮೂರು ತಿಂಗಳು ಮಾತ್ರ.

ನೆರೆಯೆಂಬುದು ಈ ಸೀಮೆಗೆ ಹೊಸದಲ್ಲ. 1923ರ ನೆರೆಯನ್ನು ತುಳುವಿನಲ್ಲಿ ‘ಮಾರಿಬೊಳ್ಳ’ವೆಂದು ಹಿರಿಯರು ಹೇಳಿಕೊಂಡು ಬಂದಿರುವರು; 1974ರ ನೆರೆಯನ್ನು ಕಣ್ಣಾರೆ ಕಂಡವರು ಬಂಟವಾಳ ಪೇಟೆಯಲ್ಲಿ ಈಗಲೂ ಇದ್ದಾರೆ. ವರ್ಷಕ್ಕೆ ಮೂರೂವರೆಯಿಂದ ನಾಲ್ಕು ಸಾವಿರ ಮಿಲ್ಲಿಮೀಟರ್, ಎಂದರೆ ಹಳೆಯ ಲೆಕ್ಕದಲ್ಲಿ 150 ಅಂಗುಲದ ಆಸುಪಾಸಿನಲ್ಲಿ ಮಳೆ ಸುರಿಯುವ ನಾಡಿನಲ್ಲಿ ಹೊಳೆಯು ಉಕ್ಕುವುದು ಸೋಜಿಗವಲ್ಲ. ಸೋಜಿಗವಾದುದು ಒಂದೇ ವರ್ಷದಲ್ಲಿ ಕೊರತೆಯೂ ಅತಿಶಯವೂ ಒಟ್ಟಿಗೆ ಬರುವುದು. ಬೈಲು, ಮಜಲು, ಬೆಟ್ಟು ಎಂದು ಗದ್ದೆಗಳನ್ನು ವಿಂಗಡಿಸಿ, ಏಣಿಲು, ಸುಗ್ಗಿ, ಕೊಳಕೆ ಎಂದು ಬೆಳೆಗಳನ್ನು ಗೊತ್ತುಮಾಡಿಕೊಂಡಿದ್ದ ಪೂರ್ವಿಕರ ಏರ್ಪಾಡೆಲ್ಲವೂ ಮಳೆಯು ಹೆಚ್ಚುಕಡಮೆ ತನ್ನ ಕಾಲಕ್ಕೆ ಬರುವುದೆಂಬ ನಂಬಿಕೆಯ ಮೇಲೆ ನಿಂತುದಾಗಿದೆ. ಆ ನಂಬಿಕೆಯು ಸಡಿಲವಾದ ಬಗೆ ಹೇಗೆ, ಅದನ್ನು ಕುರಿತು ದೇಶದೇಶಗಳವರು ಒಂದು ಮೇಜಿನ ಸುತ್ತ ಕುಳಿತು ಏನು ಮಾಡುತ್ತಿರುವರು, ಆ ಮಾತುಕತೆಯ ಯಾವ ಅಂಶವು ಗ್ರಾಮದ ಮುಖ್ಯಸ್ಥರಿಗೂ ಭೂಮಾಲೀಕರಿಗೂ ನೇರವಾಗಿ ಸಂಬಂಧಿಸಿದೆ ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗುವುದು.

ಮಳೆಯು ಹುಟ್ಟುವ ಸ್ಥಳ

ಮುಂಗಾರಿನ ಗಾಳಿಯು ಭೂಮಧ್ಯರೇಖೆಯ ತೆಂಕಣದಲ್ಲಿ ಹೊರಟು, ಆಫ್ರಿಕದ ಸೋಮಾಲಿಯ ಕರಾವಳಿಯನ್ನು ಹಾದು, ಅರಬ್ಬೀ ಸಮುದ್ರದ ಮೇಲೆ ಬೀಸುತ್ತ ನೀರಾವಿಯನ್ನು ತುಂಬಿಕೊಂಡು ಪಡುಗಡಲ ತೀರಕ್ಕೆ ಬರುತ್ತದೆ. ಕುದುರೆಮುಖದ ಶ್ರೇಣಿಯು ಅದಕ್ಕೆ ಗೋಡೆಯಂತೆ ಅಡ್ಡ ನಿಂತಿರುವುದರಿಂದ ಗಾಳಿಯು ಮೇಲಕ್ಕೇರಿ ತಣ್ಣಗಾಗಿ ತನ್ನ ಹೊರೆಯನ್ನು ಬೆಳ್ತಂಗಡಿಯ ಮೇಲೆ ಇಳಿಸುತ್ತದೆ. ಆ ನೀರೇ ಧರ್ಮಸ್ಥಳದ ಬಳಿ ಹಾದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಬಂಟವಾಳಕ್ಕೆ ಬರುವುದು. ಬಡಗಣ ಪಾರ್ಶ್ವದಲ್ಲಿ ಫಲ್ಗುಣಿಯು ವೇಣೂರಿನ ಮಗ್ಗುಲಲ್ಲಿ ಹರಿದು ಗುರುಪುರದ ಕಡೆಗೆ ಹೋಗುವುದು.

ಗಾಳಿಯು ಹೊರುವ ನೀರಾವಿಗೆ ಒಂದು ಲೆಕ್ಕವಿದೆ. ಉಷ್ಣತೆಯು ಒಂದು ಸೆಂಟಿಗ್ರೇಡ್ ಡಿಗ್ರಿ ಏರಿದರೆ ಗಾಳಿಯು ಸುಮಾರು ನೂರಕ್ಕೆ 7ರಷ್ಟು ಹೆಚ್ಚು ಆವಿಯನ್ನು ಹೊರಬಲ್ಲುದು. ಕಲ್ಲಿದ್ದಲು, ಕಲ್ಲೆಣ್ಣೆಗಳನ್ನು ಉರಿಸಿದ್ದರಿಂದ ಮುಖ್ಯವಾಗಿ, 2011ರಿಂದ 2020ರವರೆಗಿನ ದಶಕದಲ್ಲಿ ಭೂಮಿಯ ಮೇಲ್ಮೈಯು 1850–1900ರ ಕಾಲಕ್ಕಿಂತ ಸುಮಾರು 1.1 ಡಿಗ್ರಿ ಹೆಚ್ಚು ಬಿಸಿಯಾಗಿತ್ತೆಂದು ರಾಷ್ಟ್ರಾಂತರ ಹವಾಗುಣ ಸಮಿತಿಯ 2021ರ ವರದಿಯು ತಿಳಿಸಿತು. ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಅವರ ಜೊತೆಗಾರರು 2017ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, 1950ರಿಂದ 2015ರವರೆಗೆ ಮಧ್ಯಭಾರತದಲ್ಲಿ ವಿಸ್ತಾರವಾಗಿ ಸುರಿಯುವ ಅತಿವೃಷ್ಟಿಯ ಪ್ರಸಂಗಗಳು ಮೂರು ಪಟ್ಟಾಗಿವೆಯೆಂದೂ, ಅದಕ್ಕೆ ಬೇಕಾದ ತೇವವು ಅರಬ್ಬೀ ಸಮುದ್ರದಿಂದ ಬರುವುದೆಂದೂ ತೋರಿಸಿಕೊಟ್ಟರು. ಆ ಸಂಖ್ಯೆಯು ಮಧ್ಯಭಾರತದ್ದೇ ಹೊರತು ಕರಾವಳಿಯದಲ್ಲ. ಅದನ್ನು ಹಾಗೆಯೇ ಎತ್ತಿ ಬಂಟವಾಳಕ್ಕೆ ಅನ್ವಯಿಸುವುದು ಸರಿಯಾಗಲಾರದು. ಆದರೆ ಕಡಲು ಒಂದೇ.

2019ರಲ್ಲಿ ಈ ಕಡಲು ನಡೆದುಕೊಂಡ ರೀತಿಯು ಗಮನಿಸತಕ್ಕದ್ದಾಗಿದೆ. ಹಿಂದೂ ಮಹಾಸಾಗರದ ಪಡುವಣ ಭಾಗವು ಬಿಸಿಯಾಗಿ, ಮೂಡಣ ಭಾಗವು ತಂಪಾಗುವ ಒಂದು ಸ್ಥಿತಿಯುಂಟು. 1999ರಲ್ಲಿ ಸಾಜಿ, ಯಮಗಾಟ ಮುಂತಾದವರು ಜಪಾನಿನಲ್ಲಿ ನಡೆಸಿದ ಸಂಶೋಧನೆಯಿಂದ ಇದು ಹೆಸರಿಗೆ ಬಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ. ಎನ್. ಗೋಸ್ವಾಮಿಯವರೂ ಅದರಲ್ಲಿ ಪಾಲುಗೊಂಡಿದ್ದರು. 2019ರಲ್ಲಿ ಈ ಸ್ಥಿತಿಯು ಬಹಳ ಬಲವಾಗಿದ್ದಿತು. ಒಂದು ದಂಡೆಯಲ್ಲಿ ಪೂರ್ವ ಆಫ್ರಿಕಕ್ಕೆ ನೆರೆಯೂ ಅದರ ಹಿಂದೆಯೇ ಮಿಡತೆಯ ಕಾಟವೂ ಬಂದುವು. ಎದುರು ದಂಡೆಯಲ್ಲಿ ಆಸ್ಟ್ರೇಲಿಯದ ಕಾಡುಗಳು ಒಣಗಿ ಬೆಂಕಿಗೆ ಸಿಕ್ಕಿದುವು. ಅರಬ್ಬೀ ಸಮುದ್ರದಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಒಂದು ಚಂಡಮಾರುತ ಏಳುವಲ್ಲಿ ಆ ವರ್ಷ ಐದು ಎದ್ದುವು. ಮೊದಲನೆಯದು ಜೂನ್ ತಿಂಗಳಲ್ಲಿ ಬಂದ ವಾಯು. ಆಮೇಲೆ ಹಿಕಾ, ಕ್ಯಾರ್, ಮಹಾ, ಪವನ್. ಈ ಹೆಸರುಗಳ ವಿಷಯವನ್ನು ಮುಂದೆ ಹೇಳಲಾಗುವುದು. ಅದರಲ್ಲಿಯೇ ಈ ಪಾಠದ ಸಾರವು ಅಡಗಿದೆ.

ಒಬ್ಬರ ಅಳತೆಯಿಂದ ಆಗದ ಕೆಲಸ

ಮಳೆಯನ್ನು ಮುಂದಾಗಿ ತಿಳಿಯಬೇಕೆಂಬ ಬಯಕೆಯು ಪಂಚಾಂಗದಷ್ಟು ಹಳೆಯದು. ಸರ್ಕಾರದ ಮಟ್ಟದಲ್ಲಿ ಅದಕ್ಕೆ ಪ್ರಯತ್ನ ನಡೆದುದು 1875ರಲ್ಲಿ ಭಾರತದ ಹವಾಮಾನ ಇಲಾಖೆಯು ಸ್ಥಾಪಿತವಾದ ಮೇಲೆ. ಅದರ ಬೆನ್ನಲ್ಲೇ ಬಂದ 1876–78ರ ಮಹಾಕ್ಷಾಮವು ದಕ್ಷಿಣ ಭಾರತದಲ್ಲಿ ಲಕ್ಷಾಂತರ ಜನರನ್ನು ಬಲಿತೆಗೆದುಕೊಂಡಿತು. ಇಲಾಖೆಯ ಮೊದಲ ಮುಖ್ಯಾಧಿಕಾರಿ ಹೆನ್ರಿ ಬ್ಲ್ಯಾನ್‌ಫರ್ಡ್ ಹಿಮಾಲಯದ ಮಂಜಿನ ಹೊದಿಕೆಯನ್ನು ನೋಡಿ ಮುಂಗಾರನ್ನು ಊಹಿಸುವ ಕ್ರಮವನ್ನು ತಂದು, 1886ರಿಂದ ಕ್ರಮವಾಗಿ ಮುನ್ಸೂಚನೆ ಕೊಡತೊಡಗಿದನು. 1904ರಿಂದ 1924ರವರೆಗೆ ಆ ಸ್ಥಾನದಲ್ಲಿದ್ದ ಗಿಲ್ಬರ್ಟ್ ವಾಕರನು ಇನ್ನೂ ದೂರ ನೋಡಿದನು. ಆತನು ಜಗತ್ತಿನ ನಾನಾ ಕಡೆಗಳ ವಾಯುಭಾರದ ದಾಖಲೆಗಳನ್ನು ತರಿಸಿ, ಲೆಕ್ಕಗಾರರಿಂದ ಗುಣಿಸಿ ಭಾಗಿಸಿ ನೋಡಿಸಿದಾಗ, ಶಾಂತಸಾಗರದಲ್ಲಿ ವಾಯುಭಾರವು ಏರಿದರೆ ಹಿಂದೂ ಮಹಾಸಾಗರದಲ್ಲಿ ಇಳಿಯುವುದೂ, ಅಲ್ಲಿ ಇಳಿದರೆ ಇಲ್ಲಿ ಏರುವುದೂ ಕಂಡುಬಂದಿತು. ತಕ್ಕಡಿಯ ಎರಡು ತಟ್ಟೆಗಳಂತಿರುವ ಈ ಚಲನೆಯ ಜೊತೆಗೆ ಎಲ್ ನಿನೋ ಎಂಬ ಕಡಲ ಬಿಸಿಯೂ ಬೆಸೆದುಕೊಂಡಿದೆಯೆಂಬುದು ಆಮೇಲೆ ತಿಳಿದುಬಂದ ಸಂಗತಿ.

ಇಲ್ಲಿ ಗಮನಿಸಬೇಕಾದುದು ಇಷ್ಟು: ದಕ್ಷಿಣ ಕನ್ನಡದ ಒಬ್ಬ ಗೃಹಸ್ಥನು ತನ್ನ ಅಂಗಳದಲ್ಲಿ ನೂರು ವರ್ಷ ಮಳೆಯನ್ನು ಅಳೆದಿದ್ದರೂ ಬರುವ ವರ್ಷದ ಮಳೆಯ ಸುಳಿವು ಅವನಿಗೆ ಸಿಕ್ಕುತ್ತಿರಲಿಲ್ಲ. ಆ ಸುಳಿವು ಇದ್ದುದು ಬೇರೆ ದೇಶದವರ ಪುಸ್ತಕದಲ್ಲಿ. ಈ ಕಾರಣದಿಂದಲೇ 1873ರಷ್ಟು ಹಿಂದೆ ವಿಯೆನ್ನಾ ನಗರದಲ್ಲಿ ನಾನಾ ದೇಶಗಳ ಹವಾಮಾನ ತಜ್ಞರು ಕೂಡಿ ಒಂದು ಸಂಸ್ಥೆಯನ್ನು ಕಟ್ಟಿದರು. 1950ರಲ್ಲಿ ಅದು ಸರ್ಕಾರಗಳ ಒಪ್ಪಂದದ ಬಲವನ್ನು ಪಡೆದು ವಿಶ್ವ ಹವಾಮಾನ ಸಂಸ್ಥೆಯಾಯಿತು. ಭಾರತದಲ್ಲಿ ಮಳೆಮಾಪಕವನ್ನು ಬೆಳಗ್ಗೆ ಎಂಟೂವರೆ ಗಂಟೆಗೆ ನೋಡಬೇಕೆಂಬ ನಿಯಮವು ಗುಮಾಸ್ತರ ಅನುಕೂಲಕ್ಕೆ ಹುಟ್ಟಿದುದಲ್ಲ. ಆಗ ಗ್ರೀನಿಚ್ ಗಡಿಯಾರದಲ್ಲಿ ಮೂರು ಗಂಟೆಯಾಗಿರುತ್ತದೆ. ಬೇರೆ ದೇಶಗಳ ವೀಕ್ಷಕರೂ ಅದೇ ಗಡಿಯಾರವನ್ನು ಅನುಸರಿಸಿಯೇ ತಮ್ಮ ಉಪಕರಣಗಳನ್ನು ನೋಡುತ್ತಾರೆ.

ಯುದ್ಧ ಬಂದಾಗ ಈ ಸರಪಣಿಯು ಕಡಿಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹವಾಮಾನದ ಸುದ್ದಿಯು ಸೈನ್ಯದ ಗುಟ್ಟಾಯಿತು. ಶತ್ರುವಿಗೆ ತಿಳಿಯಬಾರದೆಂದು ಹಡಗುಗಳು ತಮ್ಮ ವರದಿಗಳನ್ನು ನಿಲ್ಲಿಸಿದುವು, ಕೇಂದ್ರಗಳು ಗೂಢಲಿಪಿಯಲ್ಲಿ ಬರೆದುವು. ಇತ್ತೀಚೆಗೆ 2022ರ ಮಾರ್ಚಿಯಲ್ಲಿ, ಉಕ್ರೇನ್ ಯುದ್ಧವು ತೊಡಗಿದ ಕೂಡಲೇ, ಉತ್ತರಧ್ರುವ ಮಂಡಳಿಯ ಎಂಟು ಸದಸ್ಯ ದೇಶಗಳಲ್ಲಿ ಏಳು ದೇಶಗಳು ರಷ್ಯದೊಡನೆ ಕುಳಿತು ಕೆಲಸ ಮಾಡುವುದನ್ನು ನಿಲ್ಲಿಸಿದುವು. ಧ್ರುವದ ಹಿಮದ ಅಳತೆಯಲ್ಲಿ ದೊಡ್ಡದೊಂದು ಭಾಗವು ರಷ್ಯದ ನೆಲದಲ್ಲಿ ಇರುವುದಷ್ಟೆ. ರಾಷ್ಟ್ರಗಳ ಭದ್ರತೆಯನ್ನು ಕುರಿತು ಅಧ್ಯಯನ ಮಾಡುವವರು ಹವಾಗುಣವನ್ನೂ ತಮ್ಮ ವಿಷಯವೆಂದು ಎಣಿಸತೊಡಗಿರುವುದಕ್ಕೆ ಇದೊಂದು ಕಾರಣ: ಜಗಳವು ಅಳತೆಯನ್ನು ಕೆಡಿಸುತ್ತದೆ, ಕೆಟ್ಟ ಅಳತೆಯು ಮುನ್ಸೂಚನೆಯನ್ನು ಕೆಡಿಸುತ್ತದೆ.

ಹಗೆತನದ ನಡುವೆಯೂ ನಿಂತ ಏರ್ಪಾಡೂ ಒಂದಿದೆ. 1972ರಲ್ಲಿ ಬಂಗಾಳ ಕೊಲ್ಲಿ ಮತ್ತು ಅರಬ್ಬೀ ಸಮುದ್ರದ ದಂಡೆಯ ರಾಷ್ಟ್ರಗಳು ಚಂಡಮಾರುತ ಸಮಿತಿಯೊಂದನ್ನು ರಚಿಸಿಕೊಂಡುವು. ಈಗ ಅದರಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಮ್ಯಾನ್ಮಾರ್, ಶ್ರೀಲಂಕಾ, ಮಾಲ್ಡೀವ್ಸ್, ಥಾಯ್ಲೆಂಡ್, ಓಮನ್, ಇರಾನ್, ಕತಾರ್, ಸೌದಿ ಅರೇಬಿಯ, ಸಂಯುಕ್ತ ಅರಬ್ ಸಂಸ್ಥಾನ, ಯೆಮೆನ್ ಎಂಬ 13 ರಾಷ್ಟ್ರಗಳಿವೆ. ಎಚ್ಚರಿಕೆಯನ್ನು ಹೊರಡಿಸುವ ಪ್ರಾದೇಶಿಕ ಕೇಂದ್ರವು ದೆಹಲಿಯಲ್ಲಿದೆ. ಹೆಸರುಗಳನ್ನು ಎಲ್ಲ ರಾಷ್ಟ್ರಗಳೂ ಮುಂದಾಗಿ ಕೊಟ್ಟಿರುತ್ತವೆ. 2020ರಲ್ಲಿ ಹೊರಡಿಸಿದ ಪಟ್ಟಿಯಲ್ಲಿ ರಾಷ್ಟ್ರಕ್ಕೆ 13ರಂತೆ 169 ಹೆಸರುಗಳಿವೆ. 2019ರ ಐದು ಚಂಡಮಾರುತಗಳ ಹೆಸರುಗಳಲ್ಲಿ ವಾಯು ಭಾರತ ಕೊಟ್ಟುದು, ಹಿಕಾ ಮಾಲ್ಡೀವ್ಸ್ ಕೊಟ್ಟುದು, ಕ್ಯಾರ್ ಮ್ಯಾನ್ಮಾರ್, ಮಹಾ ಓಮನ್, ಪವನ್ ಶ್ರೀಲಂಕಾ. ದೆಹಲಿಯ ಎಚ್ಚರಿಕೆಯು ಕರಾಚಿಗೂ ಹೋಗುವುದು. ಗಡಿಯಲ್ಲಿ ಗುಂಡು ಹಾರುತ್ತಿದ್ದ ವರ್ಷಗಳಲ್ಲಿಯೂ ಈ ಸಮಿತಿಯು ಉಳಿದುಬಂದಿದೆ.

ಕಡಲೊಳಗಿನ ಉಷ್ಣತೆಯನ್ನು ತಿಳಿಯುವುದಕ್ಕೆ ಆರ್ಗೋ ಎಂಬ ಯೋಜನೆಯಿದೆ. ಆಳೆತ್ತರದ ಕೊಳವೆಯಂಥ ತೇಲುಯಂತ್ರಗಳು ಸುಮಾರು ನಾಲ್ಕು ಸಾವಿರದಷ್ಟು ಜಗತ್ತಿನ ಸಾಗರಗಳಲ್ಲಿ ಅಲೆಯುತ್ತ, ಹತ್ತು ದಿನಕ್ಕೊಮ್ಮೆ ಎರಡು ಸಾವಿರ ಮೀಟರ್ ಆಳದಿಂದ ಮೇಲಕ್ಕೆ ಬಂದು ನೀರಿನ ಬಿಸಿಯನ್ನೂ ಉಪ್ಪನ್ನೂ ವರದಿಮಾಡುತ್ತವೆ. ಯಾರು ಹಾಕಿದ ಯಂತ್ರವಾದರೂ ಅದರ ಲೆಕ್ಕವು ಎಲ್ಲರಿಗೂ ಬಿಟ್ಟಿಯಾಗಿ ದೊರೆಯಬೇಕೆಂಬುದು ಒಪ್ಪಂದ. ಭಾರತದ ಪಾಲಿನ ಕೆಲಸವನ್ನು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವು ನೋಡಿಕೊಳ್ಳುತ್ತದೆ.

ಭದ್ರತಾ ಮಂಡಳಿಯ ವಾದ

ಹವಾಗುಣದ ಬದಲಾವಣೆಯು ಬರಿಯ ಬೇಸಾಯದ ವಿಷಯವೋ ಯುದ್ಧಶಾಂತಿಗಳ ವಿಷಯವೋ ಎಂಬ ಪ್ರಶ್ನೆಯು ಮೊದಲ ಬಾರಿಗೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ 2007ರ ಏಪ್ರಿಲಿನಲ್ಲಿ, ಬ್ರಿಟನ್ನಿನ ಸೂಚನೆಯ ಮೇರೆಗೆ ಬಂದಿತು. 2021ರ ಡಿಸೆಂಬರ್ 13ರಂದು ಐರ್ಲೆಂಡ್ ಮತ್ತು ನೈಜರ್ ದೇಶಗಳು ಹವಾಗುಣವನ್ನು ಮಂಡಳಿಯ ಕ್ರಮಬದ್ಧವಾದ ಕೆಲಸಕ್ಕೆ ಸೇರಿಸಬೇಕೆಂಬ ಠರಾವನ್ನು ಮತಕ್ಕೆ ಹಾಕಿದಾಗ 12 ರಾಷ್ಟ್ರಗಳು ಪರವಾಗಿಯೂ ಭಾರತ ಮತ್ತು ರಷ್ಯ ವಿರೋಧವಾಗಿಯೂ ನಿಂತುವು, ಚೀನವು ತಟಸ್ಥವಾಗಿತ್ತು. ರಷ್ಯಕ್ಕೆ ತಡೆಮತದ ಅಧಿಕಾರವಿರುವುದರಿಂದ ಠರಾವು ಬಿದ್ದುಹೋಯಿತು.

ನೆರೆಗೂ ಬರಕ್ಕೂ ಸಿಕ್ಕಿದ ಭಾರತವು ವಿರೋಧಿಸಿದುದೇಕೆಂದು ವಾಚಕರು ಕೇಳಬಹುದು. ಇದನ್ನು ಹೊಳೆಯ ಕಟ್ಟದ ಉದಾಹರಣೆಯಿಂದ ತಿಳಿಯುವುದು ಸುಲಭ. ಮಳೆ ನಿಂತ ಮೇಲೆ ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು, ಸೊಪ್ಪುಗಳಿಂದ ಕಟ್ಟವನ್ನು ಹಾಕಿ, ಸುಗ್ಗಿ ಕೊಳಕೆಗಳಿಗೂ ತೋಟಕ್ಕೂ ನೀರು ನಿಲ್ಲಿಸುವ ಪದ್ಧತಿಯು ಈ ತಾಲೂಕುಗಳಲ್ಲಿ ತಲೆತಲಾಂತರದಿಂದ ಬಂದುದು. ಕಟ್ಟದ ಕೆಲಸಕ್ಕೆ ಪಾಲುಗಾರರೆಲ್ಲರೂ ಆಳು ಕಳುಹಿಸತಕ್ಕದ್ದು, ನೀರಿನ ಸರದಿಯನ್ನು ಎಲ್ಲರೂ ಕೂಡಿ ಗೊತ್ತುಮಾಡತಕ್ಕದ್ದು. ಈಗ ಒಂದು ಊರಿನಲ್ಲಿ ಮೇಲಣ ತೋಟದ ಐದು ಮನೆಯವರು ಬಹುಕಾಲದಿಂದ ಹೆಚ್ಚು ನೀರನ್ನು ತೆಗೆದುಕೊಂಡಿದ್ದಾರೆನ್ನೋಣ. ಬೇಸಗೆಯಲ್ಲಿ ನೀರು ಸಾಲದೆ ಬಂದಾಗ ಅದೇ ಐದು ಮನೆಯವರು ‘ಇದು ಊರಿನ ಶಾಂತಿಯ ವಿಷಯ, ಇದನ್ನು ನಮ್ಮ ಚಾವಡಿಯಲ್ಲೇ ತೀರ್ಮಾನಿಸುವೆವು’ ಎಂದರೆ ಕೆಳಗಣ ಪಾಲುಗಾರರು ಒಪ್ಪುವರೇ? ಭಾರತದ ವಾದವು ಬಹುಮಟ್ಟಿಗೆ ಇದೇ ಆಗಿತ್ತು. 1992ರ ಹವಾಗುಣ ಒಪ್ಪಂದದಲ್ಲಿ ಎಲ್ಲ ರಾಷ್ಟ್ರಗಳಿಗೂ ಸ್ಥಾನವಿದೆ. ಹಿಂದೆ ಹೆಚ್ಚು ಹೊಗೆ ಬಿಟ್ಟವರ ಹೊಣೆಯು ಹೆಚ್ಚೆಂದು ಅಲ್ಲಿ ಬರೆದಿದೆ. ಭದ್ರತಾ ಮಂಡಳಿಯಲ್ಲಿರುವವರು 15 ಮಂದಿ, ಅವರಲ್ಲಿ ತಡೆಮತವುಳ್ಳವರು ಐವರು. ಎಲ್ಲರ ಮನೆಯ ಮಾತನ್ನು ಐವರ ಚಾವಡಿಗೆ ಒಯ್ಯಬಾರದೆಂಬುದು ಆ ಆಕ್ಷೇಪಣೆ.

ಇನ್ನೊಂದು ಪಕ್ಷದಲ್ಲಿಯೂ ಹುರುಳಿಲ್ಲದೆ ಇಲ್ಲ. ನೈಜರ್ ದೇಶವು ಸಹಾರಾ ಮರುಭೂಮಿಯ ಅಂಚಿನಲ್ಲಿದೆ. ಅಲ್ಲಿ ದನಗಾಹಿಗಳಿಗೂ ಬೇಸಾಯಗಾರರಿಗೂ ನೀರು ಮೇವುಗಳ ವಿಷಯದಲ್ಲಿ ಕಲಹಗಳಾಗಿ ರಕ್ತ ಹರಿದಿದೆ. ಮಹಾಸಭೆಯ ಒಪ್ಪಂದಗಳು ಮೂವತ್ತು ವರ್ಷ ನಡೆದರೂ ಹೊಗೆಯು ಕಡಮೆಯಾಗಲಿಲ್ಲವಲ್ಲಾ ಎಂದು ಅಂಥ ದೇಶದವರು ಕೇಳಿದರೆ ಉತ್ತರ ಹೇಳುವುದು ಕಷ್ಟ. 2015ರ ಪ್ಯಾರಿಸ್ ಒಪ್ಪಂದವು ಉಷ್ಣತೆಯ ಏರಿಕೆಯನ್ನು 2 ಡಿಗ್ರಿಗಿಂತ ಸಾಕಷ್ಟು ಕೆಳಗೆ ನಿಲ್ಲಿಸಬೇಕು, ಸಾಧ್ಯವಾದರೆ ಒಂದೂವರೆಯಲ್ಲಿ ಎಂದಿತು. ಆದರೆ ಯಾರು ಎಷ್ಟು ಕಡಮೆ ಮಾಡತಕ್ಕದ್ದೆಂಬುದನ್ನು ಅವರವರಿಗೇ ಬಿಟ್ಟಿತು. 2022ರಲ್ಲಿ ಈಜಿಪ್ತಿನ ಸಮ್ಮೇಳನದಲ್ಲಿ ನಷ್ಟಪರಿಹಾರದ ನಿಧಿಯೊಂದು ಒಪ್ಪಿತವಾಗಿ, 2023ರಲ್ಲಿ ದುಬೈಯಲ್ಲಿ ಅದಕ್ಕೆ ಸುಮಾರು 70 ಕೋಟಿ ಡಾಲರುಗಳ ವಾಗ್ದಾನ ದೊರೆಯಿತು. ಜಗತ್ತಿನ ನಷ್ಟದ ಮುಂದೆ ಅದು ಅತ್ಯಲ್ಪ. ಚಾರ್ಮಾಡಿಯ ತೋಟಗಾರನು ಆ ಹಣವನ್ನು ನೆಚ್ಚಿ ಕೂರುವಂತಿಲ್ಲ.

ಅಕ್ಕಿ, ಮೆಣಸು, ಪೊಟ್ಯಾಷ್

ಬೆಳೆಯು ರಾಜ್ಯಗಳ ಭದ್ರತೆಯ ವಿಷಯವಾಗುವುದನ್ನು ಈ ಸೀಮೆಯು ಹಿಂದೆಯೇ ಕಂಡಿದೆ. ಮೂಡಬಿದರೆಯಲ್ಲಿ ಅರಮನೆಯನ್ನುಳ್ಳ ಚೌಟ ವಂಶದ ರಾಣಿ ಅಬ್ಬಕ್ಕನು 16ನೆಯ ಶತಮಾನದಲ್ಲಿ ಉಳ್ಳಾಲದಿಂದ ಪೋರ್ಚುಗೀಸರನ್ನು ಎದುರಿಸಿದಳು. ಅವರು ಇಲ್ಲಿಗೆ ಬಂದುದು ಮೆಣಸಿಗಾಗಿ. ಅದರ ಜೊತೆಗೆ ಗೋವೆಗೂ ತಮ್ಮ ಕಡಲ ಕೋಟೆಗಳಿಗೂ ಕನ್ನಡ ಜಿಲ್ಲೆಯ ಅಕ್ಕಿಯು ಬೇಕಾಗಿತ್ತು. ರಹದಾರಿಯಿಲ್ಲದ ಹಡಗನ್ನು ಕಡಲಿನಲ್ಲಿ ಬಿಡುವುದಿಲ್ಲವೆಂಬುದು ಅವರ ಹಟ. 1942ರಲ್ಲಿ ಬರ್ಮವು ಜಪಾನಿನ ವಶವಾದಾಗ ಬರ್ಮದ ಅಕ್ಕಿಯು ನಿಂತುಹೋಗಿ ಮಲೆಯಾಳ ಸೀಮೆಯವರು ಬಹಳ ಬವಣೆಪಟ್ಟರು. ಮರುವರ್ಷ ಬಂಗಾಳದಲ್ಲಿ ಕ್ಷಾಮವಾಯಿತು. ವಿಶ್ವಸಂಸ್ಥೆಯ ಆಹಾರ ಮತ್ತು ವ್ಯವಸಾಯ ಸಂಸ್ಥೆಯು 1945ರಲ್ಲಿ ಹುಟ್ಟಿದುದು ಇಂಥ ಅನುಭವಗಳ ನೆರಳಿನಲ್ಲಿ.

2023ರಲ್ಲಿ ಭಾರತವೇ ಆ ಸ್ಥಾನದಲ್ಲಿತ್ತು. ಆ ವರ್ಷ ಮುಂಗಾರು ಕೇರಳಕ್ಕೆ ಜೂನ್ 8ರಂದು, ಎಂದರೆ ವಾಡಿಕೆಗಿಂತ ಒಂದು ವಾರ ತಡವಾಗಿ ಬಂದಿತು. ಅರಬ್ಬೀ ಸಮುದ್ರದಲ್ಲಿ ಬಿಪರ್ಜಾಯ್ ಎಂಬ ಚಂಡಮಾರುತವು ತೇವವನ್ನೆಲ್ಲ ಎಳೆದುಕೊಂಡಿತ್ತು. ಒಳನಾಡಿನಲ್ಲಿ ಬೆಲೆ ಏರಬಾರದೆಂದು ಜುಲೈ 20ರಂದು ಸರ್ಕಾರವು ಬಾಸ್ಮತಿಯಲ್ಲದ ಬೆಳ್ತಿಗೆ ಅಕ್ಕಿಯ ರಫ್ತನ್ನು ತಡೆಯಿತು. ಆ ತಡೆಯನ್ನು ತೆಗೆದುದು 2024ರ ಸೆಪ್ಟೆಂಬರಿನಲ್ಲಿ. ಜಗತ್ತಿನ ಅಕ್ಕಿಯ ವ್ಯಾಪಾರದಲ್ಲಿ ನೂರಕ್ಕೆ 40ರಷ್ಟು ಭಾರತದ್ದಾದ ಕಾರಣ ಪಶ್ಚಿಮ ಆಫ್ರಿಕದ ಬಡವರಿಗೆ ಅದರ ಬಿಸಿ ತಟ್ಟಿತು.

ಅಡಿಕೆ ತೋಟಕ್ಕೆ ಇದೇ ಬಿಸಿಯು ಇನ್ನೊಂದು ದಾರಿಯಿಂದ ಬರುತ್ತದೆ. ಫಲ ಬಿಡುವ ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಕೊಡಬೇಕೆಂಬುದು ಶಿಫಾರಸು. ಎಕರೆಗೆ 550 ಮರಗಳೆಂದು ಹಿಡಿದರೆ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರವೇ ಸುಮಾರು 130 ಕಿಲೋಗ್ರಾಂ ಬೇಕಾಗುವುದು. ಈ ಗೊಬ್ಬರಕ್ಕಾಗಿ ಭಾರತವು ಪೂರಾ ಹೊರದೇಶಗಳನ್ನೇ ಅವಲಂಬಿಸಿದೆ. ಕೆನಡಾ, ರಷ್ಯ, ಬೆಲಾರೂಸ್ ಅದರ ಮುಖ್ಯ ಗಣಿಗಳು. 2022ರ ಯುದ್ಧದಲ್ಲಿ ಈ ಮೂರರಲ್ಲಿ ಎರಡು ದೇಶಗಳು ಸಿಕ್ಕಿಬಿದ್ದಾಗ ಅದರ ಬೆಲೆ ಏನಾಯಿತೆಂಬುದನ್ನು ಗೊಬ್ಬರ ಕೊಂಡವರಿಗೆ ಹೇಳಬೇಕಾದುದಿಲ್ಲ. ಮೆಣಸಿನ ವಿಷಯದಲ್ಲಿ 1972ರಿಂದ ಬೆಳೆಗಾರ ರಾಷ್ಟ್ರಗಳದೇ ಒಂದು ಸಂಸ್ಥೆಯಿದ್ದು, ಜಕಾರ್ತದಲ್ಲಿ ಕಚೇರಿಯನ್ನಿಟ್ಟುಕೊಂಡು ಬೆಳೆ ಬೆಲೆಗಳ ವಿವರವನ್ನು ಹಂಚಿಕೊಳ್ಳುತ್ತದೆ. ಬೆಲೆಯನ್ನು ಹಿಡಿದು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ.

ಕೊಳೆರೋಗದ ಮದ್ದೂ ಬಿಸಿಲಿನ ಸುದ್ದಿಯೂ

ಅಡಿಕೆಯ ಕೊಳೆರೋಗಕ್ಕೆ, ಎಂದರೆ ಮಹಾಳಿಗೆ, ಹೊಡೆಯುವ ಬೋರ್ಡೋ ದ್ರಾವಣವು ಫ್ರಾನ್ಸಿನ ದ್ರಾಕ್ಷಿ ತೋಟಗಳಿಂದ ಬಂದುದು. ಅಮೆರಿಕದಿಂದ ಬಂದ ಬೂಷ್ಟು ರೋಗವೊಂದು ಅಲ್ಲಿನ ಬಳ್ಳಿಗಳನ್ನು ಕೆಡಿಸುತ್ತಿದ್ದಾಗ, 1885ರಲ್ಲಿ ಮಿಲ್ಲಾರ್ಡೆ ಎಂಬ ಪಂಡಿತನು ಮೈಲುತುತ್ತು ಮತ್ತು ಸುಣ್ಣದ ಈ ಮದ್ದನ್ನು ಪ್ರಕಟಿಸಿದನು. 1910ರ ಸುಮಾರಿಗೆ ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯ ಲೆಸ್ಲಿ ಕೋಲ್ಮನ್ನನು ಕೊಳೆರೋಗದ ಕಾರಣವು ಒಂದು ಬೂಷ್ಟೆಂಬುದನ್ನು ಅರಿತು ಇದೇ ಮದ್ದನ್ನು ಅಡಿಕೆಗೆ ತಂದನು. ರೋಗವು ಗಡಿ ದಾಟುವುದೆಂಬ ಅರಿವಿನಿಂದಲೇ 1951ರಲ್ಲಿ ರಾಷ್ಟ್ರಗಳು ಸಸ್ಯಸಂರಕ್ಷಣೆಯ ಒಪ್ಪಂದಕ್ಕೆ ರೋಮಿನಲ್ಲಿ ಸಹಿ ಹಾಕಿದುವು. ಹೊರದೇಶದ ಗಿಡ ಬೀಜಗಳಿಗೆ ಬಂದರುಗಳಲ್ಲಿ ರೋಗವಿಲ್ಲವೆಂಬ ಪತ್ರವನ್ನು ಕೇಳುವುದು ಅದರ ಫಲ.

ಒಂದು ಕಿಲೋಗ್ರಾಂ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿಯೂ ಒಂದು ಕಿಲೋಗ್ರಾಂ ಸುಣ್ಣವನ್ನು ಇನ್ನು 50 ಲೀಟರಿನಲ್ಲಿಯೂ ಕರಗಿಸಿ ಬೆರಸುವ ಕ್ರಮವು ಎಲ್ಲರಿಗೂ ತಿಳಿದುದೇ. ಬೆರಸಿದ ದ್ರಾವಣದಲ್ಲಿ ಕತ್ತಿಯ ಅಲಗನ್ನು ಅದ್ದಿದಾಗ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದೆಂದು ತಿಳಿಯತಕ್ಕದ್ದು. ಪತ್ತನಾಜೆ ಕಳೆದು ಮಳೆ ಹಿಡಿಯುವುದರೊಳಗೆ ಒಮ್ಮೆ, 40–45 ದಿನಗಳಾದ ಮೇಲೆ ಮತ್ತೊಮ್ಮೆ ಹೊಡೆಯಬೇಕು. ಕಷ್ಟವಿರುವುದು ಈ ಎರಡನೆಯದರಲ್ಲಿ. ಅದು ಬೀಳುವುದು ಆಟಿಯ ಮಳೆಯ ನಡುವೆ. ಕೊನೆ ಒಣಗಿ ಮದ್ದು ಹಿಡಿಯುವಷ್ಟು ಹೊತ್ತು ಬಿಸಿಲು ಬೇಕು, ಆ ಹೊತ್ತಿಗೆ ಮರ ಏರುವ ಆಳೂ ಸಿಕ್ಕಬೇಕು. 2018ರಲ್ಲಿ ಎಡೆಬಿಡದೆ ಸುರಿದ ಮಳೆಯಿಂದ ಎಷ್ಟೋ ತೋಟಗಳಲ್ಲಿ ಎರಡನೆಯ ಸಿಂಪರಣೆಯು ತಪ್ಪಿ ಕಾಯೆಲ್ಲ ನೆಲಕ್ಕುದುರಿತು. ಹವಾಮಾನ ಇಲಾಖೆಯು ವಾರಕ್ಕೆರಡು ಬಾರಿ, ಮಂಗಳವಾರ ಮತ್ತು ಶುಕ್ರವಾರಗಳಲ್ಲಿ, ಮುಂದಿನ ಐದು ದಿನಗಳ ಮಳೆಯ ಅಂದಾಜನ್ನು ಬೇಸಾಯದ ಸಲಹೆಯೊಡನೆ ಹೊರಡಿಸುತ್ತದೆ. ಸೋಮಾಲಿಯ ಕಡಲಿನ ತೇಲುಯಂತ್ರದ ಸುದ್ದಿಯೂ ಓಮನ್ನಿನ ವೀಕ್ಷಣಾಲಯದ ಸುದ್ದಿಯೂ ಸೇರಿ ಆ ಒಂದು ಒಣ ದಿನದ ಸೂಚನೆಯಾಗಿ ತೋಟಕ್ಕೆ ಬರುವುದು. ಅದನ್ನು ಓದದೆ ಆಳನ್ನು ಕರೆಸಿದವರು ಕೂಲಿಯನ್ನು ಕಳೆದುಕೊಂಡಿದ್ದಾರೆ.

ಸರಪಣಿಯ ಕೊನೆಯ ಕೊಂಡಿ

ಎಚ್ಚರಿಕೆಯ ಬಣ್ಣಗಳನ್ನು ಸರಿಯಾಗಿ ತಿಳಿದಿರುವುದು ಅಗತ್ಯ. ದಿನವೊಂದರಲ್ಲಿ 64.5 ಮಿಲ್ಲಿಮೀಟರಿಗೆ ಮೇಲ್ಪಟ್ಟುದು ಭಾರಿ ಮಳೆ, 115.6ಕ್ಕೆ ಮೇಲ್ಪಟ್ಟುದು ಅತಿ ಭಾರಿ, 204.5ರಿಂದ ಮೇಲೆ ಅತ್ಯಂತ ಭಾರಿ. ಕೆಂಪು ಎಚ್ಚರಿಕೆಯು ಸಾಮಾನ್ಯವಾಗಿ ಈ ಕೊನೆಯದಕ್ಕೆ. ಒಂದು ಎಕರೆ ನೆಲದ ಮೇಲೆ 204.5 ಮಿಲ್ಲಿಮೀಟರ್ ಬಿದ್ದರೆ ಅದು ಸುಮಾರು 8 ಲಕ್ಷ 27 ಸಾವಿರ ಲೀಟರ್ ನೀರು. ತೋಟದ ಬಸಿಗಾಲುವೆಯು ಒಂದು ದಿನದಲ್ಲಿ ಇಷ್ಟನ್ನು ಹೊರಗೆ ಹಾಕಬಲ್ಲುದೇ ಎಂಬುದನ್ನು ಮೇ ತಿಂಗಳಲ್ಲಿಯೇ ನೋಡಿಕೊಳ್ಳತಕ್ಕದ್ದು. ಗುಡ್ಡದ ನೆತ್ತಿಯಲ್ಲಿ ಇಂಗುಗುಂಡಿ ತೋಡುವುದು ಬೇಸಗೆಯ ನೀರಿಗೆ ಒಳ್ಳೆಯದೆಂದು ಎಲ್ಲೆಲ್ಲಿಯೂ ಹೇಳುವರು. ಕಡಿದಾದ ಇಳಿಜಾರಿನಲ್ಲಿ, ಕೆಳಗೆ ಮನೆಯಿರುವಲ್ಲಿ, ಅದನ್ನು ಮಾಡಬಾರದು. ನೀರು ಒಳಕ್ಕಿಳಿದು ಮಣ್ಣನ್ನು ಸಡಿಲಿಸಿದರೆ ಗುಡ್ಡವು ಜಾರುವುದು.

ಪ್ರತಿ ಗ್ರಾಮ ಪಂಚಾಯತಿಯಲ್ಲಿಯೂ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ ತಾನಾಗಿ ವರದಿಮಾಡುವ ಮಳೆಮಾಪಕವಿದೆ. ಅಡಿಕೆ ಮತ್ತು ಮೆಣಸಿನ ಹವಾಮಾನ ಆಧಾರಿತ ವಿಮೆಯಲ್ಲಿ ರೈತನು ವಿಮಾ ಮೊತ್ತದ ನೂರಕ್ಕೆ 5ರಷ್ಟು ಕಂತು ಕಟ್ಟುವನು. ಪರಿಹಾರವು ನಿಶ್ಚಯವಾಗುವುದು ತೋಟವನ್ನು ನೋಡಿ ಅಲ್ಲ, ಈ ಮಳೆಮಾಪಕದ ಅಂಕೆಗಳನ್ನು ನೋಡಿ. ಮಾಪಕದ ಬಾಯಿಗೆ ತರಗೆಲೆ ಬಿದ್ದು ಕಟ್ಟಿಕೊಂಡರೆ, ಪಕ್ಕದ ಮರದ ಕೊಂಬೆಯು ಬೆಳೆದು ಮಳೆಯನ್ನು ಮರೆಮಾಡಿದರೆ, ಆ ಗ್ರಾಮದಲ್ಲಿ ಮಳೆಯೇ ಬೀಳಲಿಲ್ಲವೆಂದು ಲೆಕ್ಕವಾದೀತು. ಹದಿಮೂರು ರಾಷ್ಟ್ರಗಳ ಒಪ್ಪಂದವು ಕೆಲಸ ಮಾಡಿದರೂ ಒಂದು ತರಗೆಲೆಯು ಊರಿನ ಪರಿಹಾರವನ್ನು ತಡೆಯಬಲ್ಲುದು! ಮುಖ್ಯಸ್ಥರಾದವರು ಮಳೆಗಾಲಕ್ಕೆ ಮುಂಚೆ ಮಾಪಕದ ಸುತ್ತ ತೆರಪಾಗಿದೆಯೇ ಎಂದು ಹೋಗಿ ನೋಡಿ, ಕೆಟ್ಟಿದ್ದರೆ ಬರೆಹದಲ್ಲಿ ತಿಳಿಸಿ, ಆ ಪತ್ರದ ಪ್ರತಿಯನ್ನು ಇಟ್ಟುಕೊಳ್ಳತಕ್ಕದ್ದು. ಸಾಧ್ಯವಿದ್ದವರು ತಮ್ಮ ಅಂಗಳದಲ್ಲಿಯೂ ಒಂದು ಸಾದಾ ಮಾಪಕವನ್ನಿಟ್ಟು ದಿನಾಲು ಎಂಟೂವರೆಗೆ ಬರೆದಿಡುವುದು ಮೇಲು. ಆ ಪುಸ್ತಕವು ವಿಮೆಗೆ ಪ್ರಮಾಣವಾಗದಿದ್ದರೂ ಮಾಪಕದ ತಪ್ಪನ್ನು ತೋರಿಸುವುದಕ್ಕೆ ಬರುತ್ತದೆ.

ಹೊಳೆಯು ತೋಟಕ್ಕೆ ಮರಳು ತಂದಲ್ಲಿ ಆತುರದಿಂದ ಎತ್ತಿಹಾಕುವ ಮೊದಲು ಅದರ ದಪ್ಪವನ್ನು ಅಳೆಯಿಸಬೇಕು. 2022ರಿಂದ 2026ರವರೆಗಿನ ಅವಧಿಗೆ ಗೊತ್ತುಮಾಡಿದ ವಿಕೋಪ ಪರಿಹಾರದ ನಿಯಮದಂತೆ, ಹೂಳು ಮೂರು ಅಂಗುಲಕ್ಕಿಂತ ದಪ್ಪವಾಗಿದ್ದರೆ ಮಾತ್ರ ಸಣ್ಣ ಹಿಡುವಳಿದಾರರಿಗೆ ಅದನ್ನು ತೆಗೆಯುವ ಖರ್ಚಿಗೆಂದು ಹೆಕ್ಟೇರಿಗೆ 18,000 ರೂಪಾಯಿ. ಬೆಳೆನಷ್ಟದ ಸಹಾಯಕ್ಕೆ ನಷ್ಟವು ನೂರಕ್ಕೆ 33ರಷ್ಟಾದರೂ ಆಗಿರಬೇಕು. ದಿಮ್ಮಿ, ಬಂಡೆಗಳಿಂದ ತುಂಬಿದ ತೋಟಕ್ಕೆ ಈ ಹಣವು ಸಾಲುವುದಿಲ್ಲವೆಂಬುದು ನಿಜ. ಆದರೂ ಕಂದಾಯ ಇಲಾಖೆಯ ಗ್ರಾಮಾಧಿಕಾರಿಯು ಬಂದು ನೋಡುವವರೆಗೆ, ತೋಟದ ನಾಲ್ಕಾರು ಕಡೆಗಳಲ್ಲಿ ಗೂಟ ನೆಟ್ಟು, ಹಳೆಯ ನೆಲದ ಮಟ್ಟವನ್ನೂ ಹೂಳಿನ ಮಟ್ಟವನ್ನೂ ಗುರುತುಮಾಡಿ, ತಾರೀಖಿನೊಡನೆ ಪಟ ತೆಗೆದಿಡತಕ್ಕದ್ದು. ಮರದ ಬುಡದಲ್ಲಿ ನಿಂತ ಮರಳನ್ನು ಮಾತ್ರ, ಬೇರಿಗೆ ಗಾಳಿಯಾಡುವುದಕ್ಕಾಗಿ, ಒಂದು ಮೊಳದ ಸುತ್ತಳತೆಯಲ್ಲಿ ಮೊದಲೇ ಬಿಡಿಸಿಡಬಹುದು.